ಮಗುವಿನ ಮಾತು ಸಹಾಯಕಿಗೆ ಮಾತ್ರ ತಿಳಿದರೆ ಸಾಕೆ?

ಮಂದ್ರೂಪ ಭಾಗದ ಕನ್ನಡ ಪಾಲಕರೇ,

ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಗುವನ್ನು ಮರಾಠಿ ಮಾಧ್ಯಮದ ಒಂದನೆಯ ತರಗತಿಗೆ ಸೇರಿಸಿ ಬಂದಿರಿ. ಅಲ್ಲಿ ಅದರ ಮಾತು ಯಾರಿಗೆ ತಿಳಿಯುತ್ತದೆ ಎಂದು ವಿಚಾರಿಸಿದಿರಾ? ಬೆಳಿಗ್ಗೆ ಕಸ ಗುಡಿಸಿ, ನೀರು ತುಂಬಿ, ಮಧ್ಯಾಹ್ನ ಖಿಚಡಿ ಬಡಿಸುವ ಸಹಾಯಕಿಗೆ. “ಹೊಟ್ಟಿ ಕಡ್ಯಾಕತ್ತೈತ್ರಿ” ಎಂದು ಮಗು ಅತ್ತಾಗ ಗುರುಗಳು ಆಕೆಯನ್ನೇ ಕರೆಸುತ್ತಾರೆ. ಸೌಟು ಬಿಟ್ಟು ಬಂದು ಆಕೆ ಮರಾಠಿಯಲ್ಲಿ ತಿಳಿಸುತ್ತಾಳೆ. ಹೊಟ್ಟೆನೋವೇನೋ ತಿಳಿಯಿತು; ಪಾಠದ ಅರ್ಥವನ್ನು ಮಗುವಿಗೆ ತಿಳಿಸುವವರಾರು? ಆ ಹೊತ್ತಿಗೆ ಆಕೆ ಪಾತ್ರೆ ತೊಳೆಯುತ್ತಿರುತ್ತಾಳೆ. ಮಗು ಸುಮ್ಮನೆ ಕುಳಿತಿರುತ್ತದೆ. ಅದನ್ನು ನಾವು ದಡ್ಡತನವೆಂದು ಕರೆಯುತ್ತೇವೆ.

ಈ ಹೊಣೆ ಆಕೆಯದಲ್ಲ, ಸರಕಾರದ್ದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸುವ ಪ್ರಯತ್ನ ಪ್ರತಿಯೊಂದು ರಾಜ್ಯದ್ದೂ ಆಗಿರಬೇಕೆನ್ನುತ್ತದೆ. ಆದರೆ ಮಕ್ಕಳಿಲ್ಲದ ಕನ್ನಡ ಶಾಲೆಗೆ ಶಿಕ್ಷಕರನ್ನು ಕೊಡಿರೆಂದು ನಾವು ಯಾವ ಮುಖದಿಂದ ಕೇಳೋಣ?

‘ಮರಾಠಿ ಬಾರದಿದ್ದರೆ ಇಲ್ಲಿ ಬದುಕುವುದು ಹೇಗೆ?’ ಎನ್ನುವಿರಿ. ಮರಾಠಿ ಬೇಡವೆಂದವರಾರು? 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯ. ಕನ್ನಡ ಶಾಲೆಯಲ್ಲಿಯೂ ಅದನ್ನು ಕಲಿಸಲೇಬೇಕು. ಕನ್ನಡದಲ್ಲಿ ಲೆಕ್ಕ ತಿಳಿದ ಮಗು ಮರಾಠಿಯನ್ನೂ ಕಲಿತೀತು.

ಬರುವ ಜೂನ್‌ನಲ್ಲಿ ಮಗುವನ್ನು ಕನ್ನಡ ಶಾಲೆಗೆ ಸೇರಿಸಿರಿ. ಅಲ್ಲಿ ಕನ್ನಡ ಬಲ್ಲ ಶಿಕ್ಷಕರಿಲ್ಲದಿದ್ದರೆ ಹತ್ತು ಮನೆಯವರು ಕೂಡಿ ಜಿಲ್ಲಾ ಪರಿಷತ್ತಿಗೆ ಅರ್ಜಿ ಬರೆಯಿರಿ. ನಕಲಿನ ಮೇಲೆ ಸಹಿ, ಶಿಕ್ಕೆ ಪಡೆಯದೆ ಮರಳಬೇಡಿರಿ.