ಸಿಫರ್‌ಗೂ ಸೊನ್ನೆಗೂ ಜಗಳವಿಲ್ಲ

ಸೊನ್ನೆ ಯಾರದು? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ‘ಸೊನ್ನೆ ಕೊಟ್ಟದ್ದು ಭಾರತ, ಅಲ್ಲಿಗೆ ಮುಗಿಯಿತು’ ಎನ್ನುವವರು ಒಂದು ಕಡೆ. ‘ಜಗತ್ತಿಗೆ ಲೆಕ್ಕ ಕಲಿಸಿದ್ದೇ ಅರಬರು’ ಎನ್ನುವವರು ಇನ್ನೊಂದು ಕಡೆ. ನಾನು ಮನೆಯಲ್ಲಿ ‘ಸಿಫರ್’ ಅನ್ನುತ್ತೇನೆ, ಕನ್ನಡ ತರಗತಿಯಲ್ಲಿ ‘ಸೊನ್ನೆ’, ಅಕೌಂಟೆನ್ಸಿ ತರಗತಿಯಲ್ಲಿ ‘ಝೀರೊ’. ನನಗೆ ಈ ಎರಡೂ ಉತ್ತರಗಳು ಅರ್ಧ ಅನಿಸುತ್ತವೆ. ಉಳಿದರ್ಧ ಈ ಮೂರು ಪದಗಳಲ್ಲೇ ಇದೆ.

ಸೊನ್ನೆಯನ್ನೂ ಒಂದು ಸಂಖ್ಯೆಯೆಂದು ಎಣಿಸಿ, ಅದನ್ನು ಕೂಡುವ, ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತರು ಕ್ರಿ.ಶ. 628ರಲ್ಲಿ ಬರೆದರು. ಸಂಸ್ಕೃತದಲ್ಲಿ ಅದು ‘ಶೂನ್ಯ’, ಅಂದರೆ ಬರಿದು. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಈ ಲೆಕ್ಕದ ಕ್ರಮವನ್ನು ಅರಬಿಯಲ್ಲಿ ವಿವರಿಸಿದರು. ಅರಬರು ಅದರ ಮೂಲವನ್ನು ಮುಚ್ಚಿಡಲಿಲ್ಲ. ಅದಕ್ಕೆ ‘ಹಿಸಾಬುಲ್ ಹಿಂದ್’, ಅಂದರೆ ಹಿಂದ್ ದೇಶದ ಲೆಕ್ಕ ಎಂದೇ ಹೆಸರಿಟ್ಟರು.

ಆದರೆ ‘ಶೂನ್ಯ’ ಎಂಬ ಪದವನ್ನು ಅವರು ಹಾಗೇ ಎತ್ತಿಕೊಳ್ಳಲಿಲ್ಲ. ಅದರ ಅರ್ಥವನ್ನು ತೆಗೆದುಕೊಂಡು, ಬರಿದು ಎನ್ನಲು ತಮ್ಮಲ್ಲಿದ್ದ ಹಳೆಯ ಪದ ‘ಸಿಫ್ರ್’ ಅನ್ನು ಬಳಸಿದರು. ದುಆಗೆ ಎತ್ತಿದ ಕೈಗಳನ್ನು ಅಲ್ಲಾಹನು ಬರಿದಾಗಿ ಮರಳಿಸುವುದಿಲ್ಲ ಎಂಬ ಹದೀಸನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅಲ್ಲಿ ‘ಬರಿದು’ ಎನ್ನಲು ಇರುವುದು ಇದೇ ಪದ.

ಮುಂದೆ ಈ ಪದ ಸಮುದ್ರ ದಾಟಿದ್ದು ವ್ಯಾಪಾರಿಗಳ ಜೊತೆ. ಇಟಲಿಯ ಪೀಸಾ ಊರಿನ ಫಿಬೊನಾಚಿ, ಇಂದಿನ ಅಲ್ಜೀರಿಯಾದ ಬಿಜಾಯಾ ಬಂದರಿನಲ್ಲಿ ತಂದೆಯ ಜೊತೆ ಇದ್ದಾಗ ಈ ಲೆಕ್ಕ ಕಲಿತರು. 1202ರಲ್ಲಿ ಅದರ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಪುಸ್ತಕ ಬರೆದರು. ಅದರಲ್ಲಿ ಸಿಫ್ರ್ ‘ಝೆಫಿರಮ್’ ಆಯಿತು. ಇಟಲಿಯವರ ಬಾಯಲ್ಲಿ ಸವೆದು ಸವೆದು ‘ಝೀರೊ’ ಆಯಿತು.

ಇನ್ನೊಂದು ದಾರಿಯಲ್ಲಿ ಹೋದ ಅದೇ ಪದ ಫ್ರೆಂಚಿನಲ್ಲಿ ‘ಶಿಫ್ರ್’, ಜರ್ಮನ್ನಿನಲ್ಲಿ ‘ತ್ಸಿಫರ್’, ರಷ್ಯನ್ನಿನಲ್ಲಿ ‘ತ್ಸಿಫ್ರಾ’ ಆಗಿದೆ. ಅಲ್ಲಿ ಅದರ ಅರ್ಥ ಅಂಕಿ. ವಾಣಿಜ್ಯ ವಿಭಾಗದ ಗೆಳೆಯರು ಇದನ್ನು ಗಮನಿಸಬೇಕು: ಫ್ರೆಂಚ್ ಕಂಪನಿಗಳು ತಮ್ಮ ವಹಿವಾಟಿನ ಮೊತ್ತಕ್ಕೆ ‘ಶಿಫ್ರ್ ದಾಫೇರ್’ ಎನ್ನುತ್ತವೆ. ಏನೂ ಇಲ್ಲ ಎನ್ನುವ ಪದವೇ ಕೋಟಿಗಟ್ಟಲೆ ವಹಿವಾಟಿನ ಹೆಸರಾಗಿದೆ! ಇಂಗ್ಲಿಷಿನ ‘ಸೈಫರ್’ಗೆ ಸೊನ್ನೆ, ಗುಪ್ತಲಿಪಿ ಎರಡೂ ಅರ್ಥಗಳಿವೆ. ಆಫ್ರಿಕಾದ ಸ್ವಾಹಿಲಿಯಲ್ಲಿ ‘ಸಿಫುರಿ’, ಮಲಯ ಭಾಷೆಯಲ್ಲಿ ನಮ್ಮ ಮನೆಯ ಹಾಗೆ ‘ಸಿಫರ್’. ಅಲ್ಜೀರಿಯಾದ ಆಡುಮಾತಿನಲ್ಲಿ ಈಗ ಫ್ರೆಂಚರಿಂದ ಬಂದ ‘ಝೀರೊ’ ಕೂಡ ಕೇಳುತ್ತದೆ. ಹೊರಟ ನೆಲಕ್ಕೇ ಪದ ವೇಷ ಬದಲಿಸಿ ಮರಳಿದೆ.

ಹೊಸ ಅಂಕಿಗಳನ್ನು ಯುರೋಪ್ ಸುಲಭವಾಗಿ ಒಪ್ಪಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಅವನ್ನು ಬಳಸಬಾರದೆಂದು ನಿಯಮ ಮಾಡಿತು. ಅಂಕಿ ತಿದ್ದುವುದು ಸುಲಭ ಎಂಬ ಭಯ ಇದಕ್ಕೆ ಕಾರಣ ಎನ್ನುತ್ತಾರೆ. ಪಕ್ಕದಲ್ಲಿ ಒಂದು ಸೊನ್ನೆ ಸೇರಿಸಿದರೆ ನೂರು ಸಾವಿರವಾಗುತ್ತದಲ್ಲ! ಇಂದಿಗೂ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯುತ್ತೇವೆ.

ಇತ್ತ ಕನ್ನಡ ‘ಶೂನ್ಯ’ವನ್ನು ‘ಸೊನ್ನೆ’ ಮಾಡಿಕೊಂಡಿತು. ‘ಅಂ’ ಬರೆಯುವಾಗ ಪಕ್ಕದಲ್ಲಿ ಹಾಕುವ ದುಂಡು ಗುರುತಿಗೂ ಅದೇ ಹೆಸರು ಕೊಟ್ಟಿತು. ಇದೇ ಕನ್ನಡದ ಅಂಗಡಿ ಲೆಕ್ಕದಲ್ಲಿ ಜಮಾ, ಬಾಕಿ, ವಸೂಲಿ ಎಂಬ ಅರಬಿ ಮೂಲದ ಪದಗಳೂ ಇವೆ. ಬಾಕಿ ಕೇಳುವ ಅಂಗಡಿಯವರು ಅದು ಯಾವ ಭಾಷೆಯ ಪದ ಎಂದು ಯೋಚಿಸುವುದಿಲ್ಲ.

ಉರ್ದು, ಬ್ಯಾರಿ ಮಾತನಾಡುವ ಮನೆಗಳಿಂದ ಬಂದ ನಮ್ಮಲ್ಲಿ ಹಲವರು ಕನ್ನಡದಲ್ಲಿ ಮಾತಾಡುವಾಗ ಮನೆಯ ಪದವೊಂದು ಬಾಯಿಗೆ ಬಂದರೆ ನಾಚಿಕೊಳ್ಳುತ್ತೇವೆ. ‘ನಿಮ್ಮ ಭಾಷೆ ಬೇರೆ’ ಎಂದು ಯಾರಾದರೂ ಅಂದರೆ ಸುಮ್ಮನಾಗುತ್ತೇವೆ. ಸುಮ್ಮನಾಗಬೇಕಿಲ್ಲ. ಒಂದು ಭಾಷೆಯ ಅರ್ಥವನ್ನು ಇನ್ನೊಂದು ಭಾಷೆಯಲ್ಲಿ ಹೇಳುವ ಕೆಲಸವನ್ನು ಬಾಗ್ದಾದಿನ ವಿದ್ವಾಂಸರು ಮಾಡಿದ್ದರಿಂದಲೇ ಸೊನ್ನೆ ಜಗತ್ತು ಸುತ್ತಿತು. ಆ ಕೆಲಸವನ್ನು ನಾವು ಮನೆಗೂ ಕಾಲೇಜಿಗೂ ನಡುವೆ ದಿನವೂ ಮಾಡುತ್ತೇವೆ. ಅದು ನಮ್ಮ ಕೊರತೆಯ ಲೆಕ್ಕಕ್ಕೆ ಸೇರಬಾರದು, ಜಮಾ ಕಡೆಗೆ ಬರಬೇಕು.

ಡಿಸೆಂಬರ್ 22ರ ಗಣಿತ ದಿನಕ್ಕೆ ಚಾರ್ಟ್ ಬರೆಯುವವರಲ್ಲಿ ಒಂದು ವಿನಂತಿ. ‘ಸೊನ್ನೆ ನಮ್ಮದು’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಶೂನ್ಯ, ಸಿಫ್ರ್, ಝೆಫಿರಮ್, ಝೀರೊ, ಸೊನ್ನೆ ಎಲ್ಲವನ್ನೂ ಬರೆಯಿರಿ, ಬ್ರಹ್ಮಗುಪ್ತರ ಪಕ್ಕದಲ್ಲಿ ಅಲ್ ಖ್ವಾರಿಜ್ಮಿಯ ಹೆಸರನ್ನೂ ಬರೆಯಿರಿ. ಇಬ್ಬರಿಗೂ ಜಾಗ ಸಾಲುವಷ್ಟು ದೊಡ್ಡ ಚಾರ್ಟ್ ತನ್ನಿ.