ಕುರ್ಚಿಗೆ ಮಾತ್ರ ಬುದ್ಧಿಯೇ?

‘ಓದಲಿಲ್ಲಂದ್ರ ನಾಟಿ ಹಚ್ಚಾಕ ಹೋಗ್ತಿ ನೋಡು!’ ಸಿಂಧನೂರಿನ ಶಾಲೆಯಲ್ಲಿ ಈ ಮಾತನ್ನು ಎಷ್ಟು ಹುಡುಗಿಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಗಣಿತದಲ್ಲಿ ಹಿಂದಿದ್ದ ಒಬ್ಬಳು ಒಂದು ದಿನ ತಲೆ ತಗ್ಗಿಸಿಯೇ ಅಂದಳು: ‘ಅಕ್ಕೋರೇ, ಲೆಕ್ಕದಾಗ ತಪ್ಪೋದು ನಾನು. ನಾಟಿ ಹಚ್ಚೋ ನಮ್ಮವ್ವ ತಪ್ಪಂಗಿಲ್ಲ.’

ಆ ಮಾತು ಇಂದಿಗೂ ಚುಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಆ ಗದ್ದೆಗೆ ಇಳಿದವಳ ಕೆಲಸ ನೋಡಿ. ಕಾಲಿಗೆ ಕೆಸರು, ದಿನವಿಡೀ ಬಗ್ಗಿದ ಸೊಂಟ. ಆದರೂ ಗುಣಿಗೆ ಎರಡೋ ಮೂರೋ ಸಸಿ, ಸಾಲಿಗೂ ಸಾಲಿಗೂ ಗೇಣಿನಷ್ಟು ಅಂತರ, ಆಳ ಒಂದಂಗುಲ. ಆಳ ಹೆಚ್ಚಾದರೆ ತೆಂಡೆ ಕಡಿಮೆ. ಸಡಿಲವಾದರೆ ಸಸಿ ತೇಲುತ್ತದೆ. ಇದನ್ನೆಲ್ಲ ಬೆರಳಿನಲ್ಲೇ ಅಳೆಯುವವಳು ನಮ್ಮ ಬಾಯಲ್ಲಿ ಬರೀ ‘ಕೂಲಿಯಾಳು’. ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸದ ಖಾತರಿ ಕೊಟ್ಟ 2005ರ ಕಾಯ್ದೆಯೂ ಮೈದುಡಿಮೆಯನ್ನು ‘ಅಕುಶಲ’ ಎಂದೇ ಬರೆಯಿತು. ಬರೆದವರು ಒಂದು ಮಡಿ ನಾಟಿ ಹಚ್ಚಿ ತೋರಿಸಲಿ!

ಪಕ್ಕದ ಮಸ್ಕಿಗೆ ಬನ್ನಿ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅಲ್ಲಿ ಶಾಸನವೊಂದನ್ನು ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು. ಅಶೋಕನ ಹೆಸರೇ ಕಂಡದ್ದು ಇಲ್ಲಿ. ಅರಸನ ಹೆಸರನ್ನು ನಾವು ಪಾಠ ಮಾಡುತ್ತೇವೆ. ಬಂಡೆಯ ಮುಂದೆ ನಿಂತು, ಉಳಿ ಜಾರದಂತೆ ಒಂದೊಂದೇ ಅಕ್ಷರ ಕೊರೆದ ಕೈಯನ್ನು ನೆನೆಯುತ್ತೇವೆಯೇ? ಆ ಕೈ ತಪ್ಪಿದ್ದರೆ ಚರಿತ್ರೆಯೇ ತಪ್ಪುತ್ತಿತ್ತು.

ಇನ್ನು ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಚಿನ್ನದ ಗಣಿಯಲ್ಲಿ ಕಲ್ಲಿನ ಮಾದರಿ ತೆಗೆದವರು ಅದು ಎಲ್ಲಿಯದೆಂದು ತಪ್ಪದೆ ಗುರುತು ಹಾಕಬೇಕು. ಸರ್ವೆಯವರ ಅಳತೆ ಕೂಡಲೇಬೇಕು. ಮೈಗೂ ದುಡಿಮೆ, ಕಣ್ಣಿಗೂ ದುಡಿಮೆ. ಹೆಣ್ಣು ನೆಲದೊಳಗಿನ ಗಣಿಗೆ ಇಳಿಯಕೂಡದೆಂದು 1952ರ ಗಣಿ ಕಾಯ್ದೆ ಹೇಳಿತ್ತು. 2019ರಲ್ಲಿ ಸರ್ಕಾರ ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತು ಬಾಗಿಲು ತೆರೆಯಿತು. ನಮ್ಮ ಮನೆಗಳ ಬಾಗಿಲು ತೆರೆಯಿತೇ?

ನನ್ನ ಮನೆಯದಂತೂ ತೆರೆದಿರಲಿಲ್ಲ. ನನ್ನ ಮಗಳು ಚಿಕ್ಕಂದಿನಿಂದಲೂ ಒಂದು ಕಡೆ ಕೂರುವವಳಲ್ಲ. ರಂಗೋಲಿಯ ಒಂದು ಚುಕ್ಕೆ ತಪ್ಪಿದರೂ ಅಳಿಸಿ ಮತ್ತೆ ಹಾಕುವವಳು. ಸರ್ವೆ ಕಲಿಯುತ್ತೇನೆ ಎಂದಳು. ‘ಬಿಸಿಲಾಗ ಗಂಡಸರ ಸಂಗಾಟ ಹೊಲ ಹೊಲ ತಿರುಗ್ತಿಯೇನು?’ ಎಂದು ಬಾಯಿ ಮುಚ್ಚಿಸಿದೆ. ಈಗ ಆಕೆ ಕಚೇರಿಯೊಂದರಲ್ಲಿ ಲೆಕ್ಕದ ಪುಸ್ತಕ ನೋಡುತ್ತ, ‘ಕುಂತು ಕುಂತು ಸಾಕಾಗೇತವ್ವ’ ಎನ್ನುತ್ತಾಳೆ. ಅದಕ್ಕೆ ಉತ್ತರ ನನ್ನಲ್ಲಿಲ್ಲ.

‘ಟೀಚರಮ್ಮ ನೆರಳಲ್ಲಿ ಕೂತು ಬಿಸಿಲನ್ನು ಹೊಗಳುತ್ತಾಳೆ’ ಎನ್ನಬೇಡಿ. ಬಗ್ಗಿದ ಸೊಂಟದ ನೋವನ್ನು ನಾನು ಹೊಗಳುತ್ತಿಲ್ಲ. ಆ ಕೈಗೆ ಕುಶಲ ಎಂಬ ಹೆಸರು, ಅದಕ್ಕೆ ತಕ್ಕ ಕೂಲಿ, ಕುಡಿಯಲು ನೀರು, ಮರೆಗೊಂದು ಶೌಚಾಲಯ ಕೇಳುತ್ತಿದ್ದೇನೆ. ನಾಟಿ ಹಚ್ಚುವವಳ ಮಗಳು ಓದಲಿ. ಅವ್ವನ ಕೆಲಸಕ್ಕೆ ನಾಚಿ ಓದುವುದು ಬೇಡ. ಪಟ್ಟಣದ ನಮ್ಮ ಹೆಣ್ಣುಮಕ್ಕಳು ಅಳತೆಯ ಪಟ್ಟಿ ಹಿಡಿದು ಹೊಲಕ್ಕಿಳಿಯಲಿ, ಐಟಿಐ ಸೇರಲಿ, ಗಣಿಗೂ ಇಳಿಯಲಿ. ತಡೆಯುವ ಕೈ ಹೆಚ್ಚಾಗಿ ನಮ್ಮದೇ, ತಾಯಂದಿರದು.

ಆ ಹೆದರಿಕೆಯ ಮಾತನ್ನು ತರಗತಿಯಲ್ಲಿ ನಾನು ಬಿಟ್ಟಿದ್ದೇನೆ. ನೀವೂ ಮನೆಯಲ್ಲಿ ಬಿಡಿ.