ವೀಸಾ ಮಾರುವವರು, ಉಪದೇಶ ಮಾಡುವವರು ಮತ್ತು ನಮ್ಮ ಕೇರಿಯ ಸಿಸ್ಟರು

ನಮ್ಮ ಕೇರಿಯ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಹೊರದೇಶಕ್ಕೆ ಹೊರಟು ನಿಂತರೆ ಎರಡು ಥರದ ಜನ ಅಡ್ಡ ಬರುತ್ತಾರೆ. ಒಬ್ಬ ಉಪದೇಶ ಮಾಡುವವನು. 'ಇಲ್ಲಿ ಬಡವರು ಸಾಯ್ತಾ ಇದ್ದಾರೆ, ನೀವು ಪೌಂಡು ಡಾಲರು ಅಂತ ಓಡ್ತೀರಲ್ಲಮ್ಮ' ಅನ್ನುತ್ತಾನೆ. ಇನ್ನೊಬ್ಬ ವೀಸಾ ಮಾರುವವನು. 'ಎಂಟು ಲಕ್ಷ ರೆಡಿ ಮಾಡ್ಕೊಳ್ಳಿ, ಮಿಕ್ಕಿದ್ದು ನಮಗೆ ಬಿಡಿ' ಅನ್ನುತ್ತಾನೆ. ಮೊದಲನೆಯವನ ಮಗ ಆಗಲೇ ಅಮೆರಿಕದಲ್ಲಿದ್ದಾನೆ. ಎರಡನೆಯವನ ಮನೆಗೆ ಮೂರನೇ ಅಂತಸ್ತು ಎದ್ದಿದೆ. ನಮ್ಮ ಹುಡುಗಿಯ ಅಪ್ಪ ಮಾತ್ರ ಸರ್ಕಾರ ಮಂಜೂರು ಮಾಡಿದ ಎರಡೆಕರೆಯ ಪತ್ರ ಹಿಡಿದುಕೊಂಡು ಸಾಹುಕಾರನ ಜಗಲಿ ಕೆಳಗೆ ನಿಂತಿದ್ದಾನೆ. ಆ ಜಮೀನು ಪರಭಾರೆ ಆಗಬಾರದೆಂದು 1978ರಲ್ಲೇ ಕಾಯ್ದೆ ಬಂದಿದೆ. ಆದರೆ ಸಾಹುಕಾರನಿಗೆ ಕಾಯ್ದೆ ಬೇಕಿಲ್ಲ, ಬಾಯಿಮಾತು ಸಾಕು.

ಈ ಇಬ್ಬರಿಗೂ ನಾವು ಉತ್ತರ ಕೊಡಬೇಕಾಗಿದೆ.

ಮೊದಲು ಉಪದೇಶದವನಿಗೆ. ಈ ದೇಶ ನರ್ಸನ್ನು ಯಾವತ್ತು ಗೌರವಿಸಿತ್ತು ಸ್ವಾಮಿ? ರಕ್ತ, ಕೀವು, ಮಲ, ಮೂತ್ರ, ಹೆರಿಗೆಯ ಸೂತಕ, ಇವನ್ನು ಮುಟ್ಟುವ ಕೈ ಕೀಳು ಅಂತ ಶಾಸ್ತ್ರ ಬರೆದವರು ನಾವಲ್ಲ. ಹೊಕ್ಕುಳ ಬಳ್ಳಿ ಕತ್ತರಿಸುವ ತನಕ ನಮ್ಮ ಅವ್ವ ಬೇಕು. ಆಮೇಲೆ ಅದೇ ಮನೆಯ ಪಡಸಾಲೆಗೆ ಅವಳು ಕಾಲಿಡಬಾರದು. ಮನುಷ್ಯ ಮನುಷ್ಯನ ಮಲವನ್ನು ತಲೆ ಮೇಲೆ ಹೊರಬಾರದೆಂದು ಈ ನಾಡಿಗೆ ಹೇಳಲು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. 1897ರಲ್ಲಿ ಪುಣೆಗೆ ಪ್ಲೇಗು ಬಡಿದಾಗ ರೋಗಿಗಳನ್ನು ಎತ್ತಿ ಆರೈಕೆ ಮಾಡಿ ಅದೇ ಪ್ಲೇಗಿಗೆ ಬಲಿಯಾದವರು ಸಾವಿತ್ರಿಬಾಯಿ ಫುಲೆ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅವರಿಗೆ ಪದ್ಮಶ್ರೀ ಸಿಕ್ಕಿದ್ದು 2018ರಲ್ಲಿ, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸೇವೆಯ ಪಾಠವನ್ನು ನಮಗೆ ಹೇಳಿಕೊಡಲು ಬರುವವರು ಮೊದಲು ಈ ಹೆಸರುಗಳನ್ನು ಕಲಿಯಲಿ.

ಸಂಬಳದ ಮಾತು ಇನ್ನೂ ಇದೆ. ಸುಪ್ರೀಂ ಕೋರ್ಟು ಹೇಳಿದ ಮೇಲೆ 2016ರಲ್ಲಿ ಕೇಂದ್ರ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದು, 200 ಹಾಸಿಗೆ ಮೀರಿದ ಆಸ್ಪತ್ರೆ ಸರ್ಕಾರಿ ನರ್ಸಿನ ಸಮಕ್ಕೆ ಕೊಡಬೇಕು ಅಂತ ಆ ಸಮಿತಿ ಬರೆಯಿತು. ಬರೆದದ್ದು ಕಾಗದದಲ್ಲಿದೆ. ನಮ್ಮ ಅಕ್ಕಂದಿರು ತಾಲೂಕಿನ ನರ್ಸಿಂಗ್ ಹೋಮುಗಳಲ್ಲಿ ಅದರ ಅರ್ಧ ಸಂಬಳಕ್ಕೆ ಹನ್ನೆರಡು ತಾಸು ನಿಂತಿದ್ದಾರೆ. ಆ ಸಂಬಳ ಕೊಡಿಸಿ, ಆಮೇಲೆ ದೇಶಸೇವೆ ಮಾತಾಡೋಣ. ಇಲ್ಲಿ ಬದುಕಲು ಸಾಧ್ಯವಾದರೆ ಹೋಗುವುದು ಅವರವರ ಇಷ್ಟ. ಸಾಧ್ಯವಾಗದಿದ್ದರೆ ಅದು ಇಷ್ಟವಲ್ಲ, ಗತಿ.

ಹೋಗುವುದು ತಪ್ಪು ಅಂತ ನಾವು ಒಪ್ಪುವುದಿಲ್ಲ. ಹಳ್ಳಿಯ ಉಸಿರುಗಟ್ಟಿಸುವ ಕಟ್ಟಿನಿಂದ ಆಚೆ ಬನ್ನಿ ಎಂದವರು ಬಾಬಾಸಾಹೇಬರು. ಅವರು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ. ಅದಕ್ಕೂ ಬಾಂಡ್ ಇತ್ತು, ಓದಿ ಬಂದು ಹತ್ತು ವರ್ಷ ಬರೋಡದಲ್ಲಿ ದುಡಿಯಬೇಕೆಂದು. 1917ರಲ್ಲಿ ಅವರು ದುಡಿಯಲಿಕ್ಕೆಂದೇ ಬಂದರು. ಇರಲು ಒಂದು ಕೋಣೆ ಸಿಗಲಿಲ್ಲ. ಜವಾನರು ಫೈಲನ್ನು ದೂರದಿಂದ ಎಸೆದರು. ಬಾಂಡ್ ಮುರಿದದ್ದು ಅಂಬೇಡ್ಕರ್ ಅಲ್ಲ, ಜಾತಿ.

ಇನ್ನು ವೀಸಾ ಮಾರುವವನ ಲೆಕ್ಕ. ಅವನ ಬಂಡವಾಳ ನಮ್ಮ ಅಜ್ಞಾನ ಒಂದೇ. ಹಾಗಾಗಿ ಅವನು ಮುಚ್ಚಿಡುವುದನ್ನು ನಾವು ಬಿಚ್ಚಿಡುತ್ತೇವೆ.

ವೀಸಾದ ದಾರಿ ಶುರುವಾಗುವುದು ಪಾಸ್‌ಪೋರ್ಟ್ ಆಫೀಸಿನಲ್ಲಲ್ಲ, ಪಿಯುಸಿ ಮುಗಿದ ಬೇಸಿಗೆಯಲ್ಲಿ. ಎರಡು ವರ್ಷದ ಎಎನ್‌ಎಂ ಇದೆ, ಮೂರು ವರ್ಷದ ಜಿಎನ್‌ಎಂ ಇದೆ, ನಾಲ್ಕು ವರ್ಷದ ಬಿಎಸ್ಸಿ ಇದೆ. ಕೈಗೆಟುಕುತ್ತೆ ಅಂತ ನಮ್ಮವರನ್ನು ದೂಡುವುದು ಎಎನ್‌ಎಂಗೆ, ಇಲ್ಲವೆ ಯಾವ ಕೌನ್ಸಿಲ್ಲಿಗೂ ಸೇರದ 'ನರ್ಸಿಂಗ್ ಅಸಿಸ್ಟೆಂಟ್' ಸರ್ಟಿಫಿಕೇಟಿಗೆ. ಅಷ್ಟೇ ಓದಿದವರಿಗೆ ಹೊರದೇಶದ ನರ್ಸ್ ರಿಜಿಸ್ಟರಿನ ಬಾಗಿಲು ತೆರೆಯುವುದಿಲ್ಲ. ಆರ್ಟ್ಸ್ ಪಿಯುಸಿ ಆದವರೂ ಜಿಎನ್‌ಎಂ ಸೇರಬಹುದು, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಇದನ್ನು ಹೇಳುವ ಮೇಷ್ಟ್ರು ಎಷ್ಟು ಜನ ಇದ್ದಾರೆ?

ಇಂಗ್ಲೆಂಡಿನ ದಾರಿ ನೋಡಿ. ಐಇಎಲ್‌ಟಿಎಸ್ ಅಥವಾ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಇಲ್ಲೇ ಕುಳಿತು ಬರೆಯುವ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಕೆಲಸದ ಓಸ್ಕಿ ಪರೀಕ್ಷೆ. ಲೈಸೆನ್ಸ್ ಇರುವ ಆಸ್ಪತ್ರೆ ಸ್ಪಾನ್ಸರ್ ಪತ್ರ ಕೊಟ್ಟರೆ 2020ರಲ್ಲಿ ಬಂದ ಹೆಲ್ತ್ ಅಂಡ್ ಕೇರ್ ವೀಸಾ. ಸ್ಪಾನ್ಸರುಗಳ ಪಟ್ಟಿಯನ್ನು ಅಲ್ಲಿಯ ಸರ್ಕಾರವೇ ಪ್ರಕಟಿಸುತ್ತದೆ. ಕೆಲಸ ಹುಡುಕುವ ನರ್ಸಿನಿಂದ ನೇಮಕಾತಿ ಶುಲ್ಕ ಕೀಳಬಾರದೆಂದು ಅಲ್ಲಿಯ ನೀತಿಸಂಹಿತೆ ಹೇಳುತ್ತದೆ. ಹಾಗಾದರೆ ಎಂಟು ಲಕ್ಷ ಯಾತಕ್ಕೆ? ಇನ್ನೊಂದು ಮೋಸ ಇದೆ. ನರ್ಸ್ ಬೇರೆ, ಕೇರ್ ವರ್ಕರ್ ಬೇರೆ. ಕೇರ್ ವರ್ಕರುಗಳಿಗೆ 2022ರಲ್ಲಿ ತೆರೆದ ಬಾಗಿಲು, 2024ರ ಮಾರ್ಚಿನಲ್ಲಿ ಗಂಡ ಮಕ್ಕಳಿಗೆ ಮುಚ್ಚಿತು, 2025ರ ಜುಲೈ 22ಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದೂ ನಿಂತಿತು. ಬಿಎಸ್ಸಿ ಓದಿದ ಎಷ್ಟೋ ಜನ ಆ ಬಾಗಿಲಲ್ಲಿ ನುಗ್ಗಿ ನರ್ಸಿನ ರಿಜಿಸ್ಟರಿನಿಂದ ಹೊರಗೇ ಉಳಿದರು.

ಜರ್ಮನಿಗೆ ಇಂಗ್ಲಿಷ್ ಅಲ್ಲ, ಜರ್ಮನ್ ಬೇಕು. ಬಿ1 ಮಟ್ಟ ಮುಗಿಸಿ ಹೋಗಿ, ಸಾಮಾನ್ಯವಾಗಿ ಬಿ2 ಮಟ್ಟ ಮುಟ್ಟಿ, ನಮ್ಮ ಓದಿಗೆ ಅಲ್ಲಿಯ ಮಾನ್ಯತೆ ಪಡೆಯಬೇಕು. ಆ ಸರ್ಕಾರದ್ದೇ 'ಟ್ರಿಪಲ್ ವಿನ್' ಅನ್ನುವ ಯೋಜನೆ 2013ರಿಂದ ಇದೆ. ಕೇರಳ ತನ್ನ ನೋರ್ಕಾ ಸಂಸ್ಥೆಯ ಮೂಲಕ 2021ರಲ್ಲೇ ಅದಕ್ಕೆ ಸಹಿ ಹಾಕಿತು. ಇದರಲ್ಲಿ ನರ್ಸು ಏಜೆಂಟನಿಗೆ ಕಾಸು ಕೊಡಬೇಕಾಗಿಲ್ಲ. ಪಿಯುಸಿ ಮುಗಿಸಿ ಭಾಷೆ ಕಲಿತವರು ಅಲ್ಲೇ ಮೂರು ವರ್ಷದ ನರ್ಸಿಂಗ್ ತರಬೇತಿಗೆ ಸೇರುವ ದಾರಿಯೂ ಇದೆ, ತರಬೇತಿಯಲ್ಲೇ ತಿಂಗಳ ಸಂಬಳ. ಕೋಲಾರದಲ್ಲಿ, ರಾಯಚೂರಿನಲ್ಲಿ, ಚಾಮರಾಜನಗರದಲ್ಲಿ ಜರ್ಮನ್ ಕಲಿಸುವ ಸರ್ಕಾರಿ ಹಾಸ್ಟೆಲು ಯಾವುದು ತೋರಿಸಿ.

ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ, ವೀಸಾಸ್ಕ್ರೀನ್ ಸರ್ಟಿಫಿಕೇಟು, ಆಮೇಲೆ ಇಬಿ-3 ಅನ್ನುವ ಹಸಿರು ಕಾರ್ಡಿನ ಸಾಲು. ನರ್ಸುಗಳ ಕೊರತೆ ಇದೆಯೆಂದು ಅಲ್ಲಿಯ ಕಾರ್ಮಿಕ ಇಲಾಖೆ ಮೊದಲೇ ಒಪ್ಪಿ ಒಂದು ಹಂತದ ವಿಚಾರಣೆಯನ್ನೇ ಬಿಟ್ಟುಕೊಟ್ಟಿದೆ. ಆದರೂ ಸಾಲು ಮುಂದೆ ಸರಿಯುವುದಿಲ್ಲ. ಒಂದು ದೇಶಕ್ಕೆ ನೂರಕ್ಕೆ 7ರ ಮಿತಿ. ಭಾರತದವರು ಈ ಸಾಲಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಕಾಯುತ್ತಾರೆ. ಇದರಲ್ಲಿ ನಾವು ಗಮನಿಸಬೇಕಾದ್ದು ಬೇರೆಯೇ ಇದೆ. ಅವರು ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಅಲ್ಲ, ಎಲ್ಲಿ ಹುಟ್ಟಿದೆ ಅಂತ. ನಮ್ಮ ಅಕ್ಕ ನಾಳೆ ಬ್ರಿಟಿಷ್ ಪ್ರಜೆ ಆದರೂ ನಿಲ್ಲಬೇಕಾದ್ದು ಭಾರತದ ಸಾಲಿನಲ್ಲೇ. ಹುಟ್ಟಿನಿಂದ ಸಾಲು ಗೊತ್ತುಮಾಡುವ ಈ ಪದ್ಧತಿ ನಮಗೆ ಹೊಸದೇನ್ರೀ?

ಗಲ್ಫಿನ ದಾರಿ ಹತ್ತಿರದ್ದು, ಅಪಾಯದ್ದೂ ಹೌದು. 2015ರಲ್ಲಿ ಕುವೈತಿಗೆ ನರ್ಸುಗಳನ್ನು ಕಳಿಸಿದ ಕೊಚ್ಚಿಯ ಏಜೆನ್ಸಿಯೊಂದು 19,500 ರೂಪಾಯಿ ಪಡೆಯಬೇಕಾದ ಕಡೆ ತಲೆಗೆ 19.5 ಲಕ್ಷ ಕಿತ್ತಿತೆಂದು ಸಿಬಿಐ ಕೇಸು ಹಾಕಿತು. ಅದೇ ವರ್ಷ ಏಪ್ರಿಲ್ 30ರಿಂದ ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ ಮಾಡಿ, ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳ ಕೈಗೆ ಕೊಟ್ಟರು. ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಈಗಿನ ನಿಯಮ ಹಾಕಿದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ವಿಸಿಟ್ ವೀಸಾದಲ್ಲಿ ಹತ್ತಿಸಿ 'ಅಲ್ಲಿ ಹೋದ್ಮೇಲೆ ಮಾಡಿಸ್ಕೊಡ್ತೀವಿ' ಅನ್ನುವವನು ಏಜೆಂಟ್ ಅಲ್ಲ, ಕಳ್ಳ. ಕೆಲಸದ ಪತ್ರವಿಲ್ಲದೆ ಹೋದವಳಿಗೆ ಆ ನೆಲದಲ್ಲಿ ಕಾನೂನಿನ ಆಸರೆಯೂ ಇಲ್ಲ. ಕಾಗದ ಸರಿಯಿದ್ದು ಹೋದವರಿಗೂ ಕಷ್ಟ ಬಂದಿದೆ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿ, ಜುಲೈ 5ರಂದು ಕೊಚ್ಚಿಗೆ ಬಂದಿಳಿದ 46 ನರ್ಸುಗಳನ್ನು ಮರೆಯಬೇಡಿ. ಅವರಲ್ಲಿ ಹಲವರಿಗೆ ಜೀವ ಉಳಿದ ಸಮಾಧಾನದ ಜೊತೆಗೆ ಮನೆಯ ಸಾಲ ಹಾಗೇ ಕಾದಿತ್ತು.

ಸಾಲ ಅಂದೆವು. ಇಲ್ಲೇ ಇದೆ ಈ ವ್ಯವಹಾರದ ತಿರುಳು. ಜೀತ ಹೋಯಿತೆಂದು 1976ರಲ್ಲಿ ಕಾಯ್ದೆ ಬಂತು. ಜೀತದ ಮೂಲ ಯಾವುದಾಗಿತ್ತು? ಮುಂಗಡ. ಈಗ ಮುಂಗಡಕ್ಕೆ ಇಂಗ್ಲಿಷ್ ಹೆಸರು ಬಂದಿದೆ, ಬಾಂಡ್ ಅಂತ. ಕಾಲೇಜು ಅಸಲು ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತದೆ. ಇಲ್ಲಿಯ ಆಸ್ಪತ್ರೆ ಅನುಭವದ ಪತ್ರ ಕೊಡಲು ದುಡ್ಡು ಕೇಳುತ್ತದೆ. ಅಲ್ಲಿಯ ಮಾಲೀಕ ಒಪ್ಪಂದದಲ್ಲಿ ಸಣ್ಣ ಅಕ್ಷರದಲ್ಲಿ ಬರೆಸಿರುತ್ತಾನೆ, ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಸಾವಿರ ಪೌಂಡು ಕಟ್ಟು ಅಂತ. ಇಂಗ್ಲೆಂಡಿನಲ್ಲಿ ಕೆಲಸ ಹೋದರೆ 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲವೆ ಗಂಟು ಕಟ್ಟಬೇಕು. ವೀಸಾ ಮಾಲೀಕನ ಹೆಸರಿಗೆ ಕಟ್ಟಿದ ಕಡೆ ನರ್ಸಿನ ನಾಲಗೆಯೂ ಅವನ ಗೂಟಕ್ಕೇ ಕಟ್ಟಿರುತ್ತದೆ.

ಆದರೆ ಈ ಗೂಟ ಕಿತ್ತವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ ಫಿಲಿಪೈನ್ಸಿನ ಇನ್ನೂರಕ್ಕೂ ಹೆಚ್ಚು ನರ್ಸುಗಳ ಪರವಾಗಿ ಮೊಕದ್ದಮೆ ನಡೆಯಿತು. ಕೆಲಸ ಬಿಟ್ಟರೆ 25,000 ಡಾಲರ್ ದಂಡ ಅನ್ನುವ ಒಪ್ಪಂದ ಅವರ ಕೊರಳಿಗಿತ್ತು. 2019ರಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯ ಆ ದಂಡ ಮಾನವ ಸಾಗಣೆ ವಿರೋಧಿ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಒಬ್ಬೊಬ್ಬಳೇ ಅತ್ತಿದ್ದರೆ ಆಗುತ್ತಿರಲಿಲ್ಲ. ಒಟ್ಟಿಗೆ ನಿಂತದ್ದಕ್ಕೆ ಆಯಿತು.

ಹೊರದೇಶ ಅಂದರೆ ಸಮಾನತೆಯ ಸ್ವರ್ಗ ಅಂತ ಯಾರೂ ನಂಬಬೇಡಿ. 1948ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗಿನಿಂದ ಕೆರಿಬಿಯನ್ ದ್ವೀಪಗಳಿಂದ ಕಪ್ಪು ಹುಡುಗಿಯರನ್ನು ಕರೆಸಿಕೊಂಡರು. ಅವರಲ್ಲಿ ಬಹಳ ಜನರನ್ನು ಪೂರ್ತಿ ನರ್ಸಿನ ಓದಿಗೆ ಹಾಕದೆ 'ಎನ್‌ರೋಲ್ಡ್ ನರ್ಸ್' ಅನ್ನುವ ಎರಡನೇ ದರ್ಜೆಗೆ ತಳ್ಳಿದರು. ಆ ಸರ್ಟಿಫಿಕೇಟಿಗೆ ಅವರ ಸ್ವಂತ ನಾಡಿನಲ್ಲೇ ಬೆಲೆ ಇರಲಿಲ್ಲ. ಅಲ್ಲಿಯ ಎರಡನೇ ದರ್ಜೆ, ಇಲ್ಲಿಯ ಎಎನ್‌ಎಂ, ಎರಡೂ ಒಂದೇ ಕೈ ಬರೆದ ಹಣೆಬರಹ. 2025ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ನರ್ಸುಗಳಿಗೆ ಒಂದು ಬಿರುಸಿನ ದಾರಿ ತೆರೆಯಿತು. ಇಂಗ್ಲೆಂಡ್, ಐರ್ಲೆಂಡ್, ಅಮೆರಿಕ, ಸಿಂಗಪುರ, ಸ್ಪೇನ್ ಥರದ ಕಡೆ ರಿಜಿಸ್ಟರ್ ಆಗಿ ದುಡಿದವರಿಗೆ ಅದು. ಭಾರತದಲ್ಲಷ್ಟೇ ದುಡಿದವರು ಮತ್ತೆ ಪರೀಕ್ಷೆಗೆ ಕೂರಬೇಕು. ಮೇಲೊಬ್ಬ, ಅವನ ಕೆಳಗೊಬ್ಬ, ಅವನ ಕೆಳಗೆ ಇನ್ನೊಬ್ಬ. ಬಾಬಾಸಾಹೇಬರು ಇದನ್ನೇ ಶ್ರೇಣೀಕೃತ ಅಸಮಾನತೆ ಎಂದದ್ದು.

ನಮ್ಮವರು ಹೊತ್ತುಕೊಂಡು ಹೋಗುವ ಜಾತಿ ಬೇರೆ ಇದೆ. ಜಾತಿ ತಾರತಮ್ಯವನ್ನು ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಯಿತು ಅಂದರೆ, ಅದು ವಿಮಾನ ಹತ್ತಿ ಅಲ್ಲಿಗೆ ಮುಟ್ಟಿದೆ ಅಂತಲೇ ಅರ್ಥ. ವೀಸಾಕ್ಕೆ ಜಾತಿ ಪ್ರಮಾಣಪತ್ರ ಕೇಳುವುದಿಲ್ಲ, ನಿಜ. ನಮ್ಮೂರಿನವನು ಮಾತ್ರ ಅಲ್ಲೂ 'ನೀವು ಯಾವ ಪೈಕಿ?' ಅಂತ ಕೇಳೇ ಕೇಳುತ್ತಾನೆ.

ಹಾಗಾದರೆ ನಾವು ಏನು ಮಾಡೋಣ? ಹೋಗಬೇಡಿ ಅನ್ನೋಣವೆ? ಇಲ್ಲ. ಹೋಗಲಿ. ಸಾಲದ ಹಗ್ಗ ಇಲ್ಲದೆ, ಕಣ್ಣು ತೆರೆದುಕೊಂಡು ಹೋಗಲಿ.

ಹಳ್ಳಿಯ ಮೇಷ್ಟ್ರುಗಳೆ, ಪಿಯುಸಿ ಮುಗಿಸಿದ ಹುಡುಗಿ ನರ್ಸಿಂಗ್ ಅಂದಾಗ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಅಂತ ನೀವೇ ನೋಡಿ ಹೇಳಿ. ಎಎನ್‌ಎಂಗೂ ಜಿಎನ್‌ಎಂಗೂ ಇರುವ ಅಂತರವನ್ನು ಅವಳ ಅಪ್ಪ ಅವ್ವನ ಎದುರು ಬಿಡಿಸಿ ಹೇಳಿ. ಹಾಸ್ಟೆಲಿನ ಗೆಳೆಯರೆ, ಏಜೆಂಟನ ಪಾಂಪ್ಲೆಟ್ ಕಂಡ ಕಡೆ ಅವನ ಲೈಸೆನ್ಸ್ ನಂಬರ್ ಕೇಳಿ. ಕೇಂದ್ರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಆ ನಂಬರ್ ಇಲ್ಲದಿದ್ದರೆ ಪಾಂಪ್ಲೆಟ್ ಹರಿದು ಹಾಕಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ, ಅಸಲು ಸರ್ಟಿಫಿಕೇಟು ಯಾರ ಕೈಗೂ ಬಿಡಬೇಡಿ. ಸಂಘಟನೆಯ ಸಂಗಾತಿಗಳೆ, ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮಕ್ಕೂ ಹೊರದೇಶಕ್ಕೆ ಕಳಿಸುವ ಅಧಿಕಾರ ಇದೆ. ಅದರ ಬಾಗಿಲು ನಮ್ಮ ಕೇರಿಯ ಹುಡುಗಿಗೆ ಯಾಕೆ ಕಾಣುತ್ತಿಲ್ಲ ಅಂತ ಹೋಗಿ ಕೇಳೋಣ. ಓಇಟಿ, ಎನ್‌ಕ್ಲೆಕ್ಸ್ ಪರೀಕ್ಷೆಯ ಶುಲ್ಕವನ್ನು, ಜರ್ಮನ್ ಭಾಷೆಯ ಪಾಠವನ್ನು ಸಮಾಜ ಕಲ್ಯಾಣ ಇಲಾಖೆ ಹೊರಲಿ. 2016ರ ಸಂಬಳದ ವರದಿ ಪ್ರತಿ ನರ್ಸಿಂಗ್ ಹೋಮಿನಲ್ಲೂ ಜಾರಿಗೆ ಬರಲಿ.

ಈಗಾಗಲೇ ಹೋಗಿರುವ ಅಕ್ಕಂದಿರಿಗೂ ಒಂದು ಮಾತು. ನೀವು ಹತ್ತಿದ ಏಣಿಯ ಮೆಟ್ಟಿಲು ಒಂದೊಂದನ್ನೂ ಹಿಂದೆ ಬರುವ ತಂಗಿಯರಿಗೆ ಬರೆದು ಕಳಿಸಿ, ಎಷ್ಟು ಖರ್ಚಾಯಿತು, ಯಾರು ಮೋಸ ಮಾಡಿದರು, ಯಾವ ಕಾಗದಕ್ಕೆ ಸಹಿ ಹಾಕಬಾರದಿತ್ತು ಅಂತ. ನೀವು ಬರೆಯುವ ಒಂದು ಪುಟ ನೂರು ಏಜೆಂಟರ ಅಂಗಡಿ ಮುಚ್ಚಿಸುತ್ತದೆ.